ಅಜ್ಜಿಯ ಚಿತ್ರದ ಕೆಳಗೆ ಒಂದು ಖಾಲಿ ಗೆರೆ: ಒಂದನೆಯ ತರಗತಿಯ ಕನ್ನಡ ಪುಸ್ತಕ ಬರೆಯುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ನೀವು ಬರೆಯುವ ಪುಸ್ತಕದ ಎರಡನೆಯ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ನಿಮ್ಮೆಲ್ಲರ ಹೆಸರುಗಳು ಅಚ್ಚಾಗಿರುತ್ತವೆ. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದ ನಾನು ಆ ಪುಟವನ್ನು ಒಮ್ಮೆಯೂ ಸರಿಯಾಗಿ ಓದಲಿಲ್ಲ. ಆರು ವರ್ಷದ ಮಕ್ಕಳ ಕೈಯಲ್ಲಿ ಮೊದಲು ಹರಿದುಹೋಗುವ ಪುಟವೂ ಅದೇ. ಹಾಗಾಗಿ ಯಾರ ಹೆಸರನ್ನೂ ಹಿಡಿದು ಬರೆಯುತ್ತಿಲ್ಲ, ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ನನ್ನ ತಕರಾರು ಇರುವುದು ಒಂದೇ ಒಂದು ಪದದ ಬಗ್ಗೆ: ಅಜ್ಜಿ.

ಬಾಗಲಕೋಟೆ ಕಡೆಯ ಒಂದು ಹಳ್ಳಿಯಲ್ಲಿ ನನ್ನ ನೌಕರಿ ಶುರುವಾಯಿತು. ತರಗತಿಯ ಗೋಡೆಗೆ ‘ಕುಟುಂಬ’ ಎಂಬ ಬಣ್ಣದ ಚಾರ್ಟು ತೂಗುಹಾಕಿದ್ದೆವು. ಬಿಳಿ ತುರುಬಿನ ಹೆಂಗಸಿನ ಮೇಲೆ ಕೋಲಿಟ್ಟು ಯಾರಿವರು ಎಂದು ಕೇಳಿದರೆ ಇಡೀ ತರಗತಿ ಒಂದೇ ಕೊರಳಲ್ಲಿ ‘ಅಮ್ಮ’ ಎನ್ನುತ್ತಿತ್ತು. ಪಕ್ಕದ ಹಸಿರು ಸೀರೆಯ ಹೆಂಗಸು? ‘ಅವ್ವ’. ಚಾರ್ಟಿನಲ್ಲಿ ಮಾತ್ರ ಮೊದಲನೆಯವರ ಕೆಳಗೆ ಅಜ್ಜಿ ಎಂದೂ ಎರಡನೆಯವರ ಕೆಳಗೆ ಅಮ್ಮ ಎಂದೂ ಅಚ್ಚಾಗಿತ್ತು. ಮಕ್ಕಳು ಓದು ಕಲಿತ ಮೇಲೆ ತೊಂದರೆ ಹೆಚ್ಚಾಯಿತು. ಕಲಿಯುವ ಮೊದಲು ಅವರು ಚಿತ್ರವನ್ನಷ್ಟೇ ನೋಡುತ್ತಿದ್ದರು. ಕಲಿತ ಮೇಲೆ ಚಿತ್ರವನ್ನು ನೋಡಿ, ಪದವನ್ನು ನೋಡಿ, ಆಮೇಲೆ ನನ್ನ ಮುಖ ನೋಡುತ್ತಿದ್ದರು.

ಮೂರನೆಯ ತರಗತಿಯ ಪರೀಕ್ಷೆಯಲ್ಲಿ ‘ನನ್ನ ಮನೆ’ ಎಂದು ಐದು ವಾಕ್ಯ ಬರೆಯಬೇಕಿತ್ತು. ಒಬ್ಬ ಹುಡುಗಿ ಬರೆದಿದ್ದಳು: ‘ನಮ್ಮ ಅಮ್ಮನಿಗೆ ಹಲ್ಲಿಲ್ಲ. ಅವ್ವ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಅಮ್ಮನಿಗೆ ಕೊಡುತ್ತಾಳೆ.’ ಮೂವತ್ತೊಂದು ವರ್ಷದಲ್ಲಿ ನಾನು ಓದಿದ ಮಕ್ಕಳ ವಾಕ್ಯಗಳಲ್ಲಿ ಇದಕ್ಕಿಂತ ಚೆನ್ನಾದುದು ನೆನಪಿಲ್ಲ. ಆ ವರ್ಷ ಉತ್ತರಪತ್ರಿಕೆಗಳನ್ನು ಬೇರೆ ಶಾಲೆಯವರು ತಿದ್ದಿದ್ದರು. ‘ಅಮ್ಮನಿಗೆ ಹಲ್ಲಿಲ್ಲ’ ಎಂಬುದಕ್ಕೆ ಕೆಂಪು ಶಾಯಿಯ ಸುತ್ತು, ಪಕ್ಕದಲ್ಲಿ ‘ಗಮನವಿಟ್ಟು ಬರೆ’. ‘ಅವ್ವ’ ಎಂಬುದರ ಮೇಲೆ ‘ಗ್ರಾಮ್ಯ’. ಹುಡುಗಿ ಆ ಹಾಳೆಯನ್ನು ನನ್ನ ಮೇಜಿಗೆ ತಂದು ಇಟ್ಟು ಸುಮ್ಮನೆ ನಿಂತಳು. ಅವಳ ಅಮ್ಮನಿಗೆ ನಿಜವಾಗಿಯೂ ಹಲ್ಲಿರಲಿಲ್ಲ. ಆಕೆಯನ್ನು ನಾನು ನೋಡಿದ್ದೆ.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನಾನೂ ಆ ಕಡೆಯವಳೇ. ನನ್ನ ಅಪ್ಪನ ತಾಯಿಯನ್ನು ಸಾಯುವವರೆಗೂ ಅಮ್ಮ ಎಂದೇ ಕರೆದವಳು. ಬೆಳಗಿನ ಜಾವ ಅವಳು ರೊಟ್ಟಿ ಬಡಿಯುವ ಸದ್ದಿಗೆ ಎದ್ದವಳು. ಆದರೂ ಆ ಹಾಳೆಯನ್ನು ಹಿಡಿದು, ಪುಸ್ತಕದಲ್ಲಿ ಇರುವ ಹಾಗೆ ಬರೆಯಬೇಕಮ್ಮ ಎಂದೆ. ಇನ್ನೊಂದು ತಮಾಷೆ ನೋಡಿ: ನಾನು ಅವಳನ್ನು ‘ಅಮ್ಮಾ’ ಎಂದು ಕರೆದೇ ಈ ಬುದ್ಧಿ ಹೇಳಿದ್ದು.

ಇಪ್ಪತ್ತು ವರ್ಷಗಳ ಮೇಲೆ, ಯಜಮಾನರ ವರ್ಗಾವಣೆಯ ಹಿಂದೆ ನಾನೂ ಕುಂದಾಪುರದ ಕಡೆಗೆ ಹೋದೆ. ಅಲ್ಲಿ ತರಗತಿಯ ಅರ್ಧ ಮಕ್ಕಳು ಅಜ್ಜಿಗೆ ಅಮ್ಮಮ್ಮ ಎನ್ನುತ್ತಿದ್ದರು. ಅಮ್ಮನ ಅಮ್ಮ, ಅದಕ್ಕೇ ಅಮ್ಮಮ್ಮ. ಇದಕ್ಕಿಂತ ಸ್ಪಷ್ಟವಾದ ಪದವನ್ನು ಯಾವ ಸಮಿತಿ ಕೂತು ಮಾಡೀತು? ಪುಸ್ತಕದಲ್ಲಿ ಅದೂ ಇರಲಿಲ್ಲ. ಆಗಲೇ ಒಂದು ನೋಟ್‌ಬುಕ್ಕಿನಲ್ಲಿ ಈ ಪದಗಳನ್ನು ಬರೆದಿಟ್ಟುಕೊಳ್ಳಲು ಶುರುಮಾಡಿದೆ. ತರಬೇತಿಗೆ ಹೋದಲ್ಲಿ, ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಸಿಕ್ಕವರನ್ನೆಲ್ಲ ಕೇಳುತ್ತಿದ್ದೆ: ನಿಮ್ಮ ಅಜ್ಜಿಯನ್ನು ನೀವು ಏನೆಂದು ಕರೆಯುತ್ತೀರಿ? ಈ ಪ್ರಶ್ನೆಗೆ ಬೇಸರ ಪಟ್ಟುಕೊಂಡವರು ಒಬ್ಬರೂ ಸಿಗಲಿಲ್ಲ.

ಆ ನೋಟ್‌ಬುಕ್ಕಿನಿಂದ ಸ್ವಲ್ಪ ಹೇಳುತ್ತೇನೆ. ವಿಜಯಪುರ, ಕಲಬುರಗಿ ಕಡೆಯ ಎಷ್ಟೋ ಮನೆಗಳಲ್ಲಿ ಅಜ್ಜಿಗೆ ಆಯಿ ಎನ್ನುತ್ತಾರೆ, ಅಜ್ಜ ಮುತ್ಯಾ. ಗಡಿ ದಾಟಿ ಮರಾಠಿಗೆ ಹೋದರೆ ಅದೇ ಆಯಿ ಹೆತ್ತ ತಾಯಿ. ಮರಾಠಿಯವರೆಗೆ ಹೋಗುವುದೂ ಬೇಡ, ಶಿರಸಿ ಕಡೆಯ ಹವ್ಯಕರ ಮನೆಗೆ ಹೋಗಿ. ಅಲ್ಲಿಯೂ ಆಯಿ ಎಂದರೆ ತಾಯಿಯೇ. ಅವ್ವ ಧಾರವಾಡದಲ್ಲಿ ತಾಯಿ, ಮಂಡ್ಯದಲ್ಲೂ ತಾಯಿ. ಆಂಧ್ರದ ಗಡಿಗೆ, ರಾಯಲಸೀಮೆಯ ತೆಲುಗಿಗೆ ಬಂದರೆ ಅವ್ವ ಎಂದರೆ ಅಜ್ಜಿ. ತಮಿಳರ ಪ್ರಾಚೀನ ಕವಯಿತ್ರಿ ಔವೈಯಾರ್ ಹೆಸರಿನಲ್ಲಿರುವುದೂ ಈ ಅವ್ವನೇ, ಹಿರಿಯ ಹೆಂಗಸು ಎಂಬ ಅರ್ಥದಲ್ಲಿ. ಕೊಡವರ ಮನೆಯಲ್ಲಿ ಅವ್ವ ತಾಯಿ, ‘ತಾಯಿ’ ಎಂದರೆ ಅಜ್ಜಿ! ಮಡಿಕೇರಿಯಿಂದ ಬಂದಿದ್ದ ಒಬ್ಬ ಶಿಕ್ಷಕಿ ಇದನ್ನು ಹೇಳಿದಾಗ ನಾನು ಎರಡು ಸಲ ಕೇಳಿ ಬರೆದುಕೊಂಡೆ. ನೀಲಗಿರಿಯ ಬಡಗರ ನುಡಿ ಕನ್ನಡಕ್ಕೆ ಒತ್ತಿಕೊಂಡೇ ಇರುವ ನುಡಿ. ಅವರಲ್ಲಿ ಅಜ್ಜಿ ‘ಹೆತ್ತೆ’. ಅವರು ಕುಲದ ಮೂಲ ಅಜ್ಜಿಯನ್ನೇ ದೇವಿಯನ್ನಾಗಿ ಮಾಡಿಕೊಂಡು ವರ್ಷಕ್ಕೊಮ್ಮೆ ಹೆತ್ತೆ ಹಬ್ಬ ಮಾಡುತ್ತಾರೆ. ತುಳುವಿನ ಮಾತು ತೆಗೆದರೆ ತಲೆ ತಿರುಗುತ್ತದೆ: ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ಆ ಊರಿನ ಮಗು ಶಾಲೆಗೆ ಬಂದು ‘ಅಪ್ಪ, ಅಮ್ಮ’ ಓದಬೇಕು.

ಇದನ್ನೆಲ್ಲ ಒಂದು ತರಬೇತಿ ಶಿಬಿರದಲ್ಲಿ ಹೇಳಿದ್ದಕ್ಕೆ, ಪಾಠ ಮಾಡಲು ಬಂದಿದ್ದವರು ನಕ್ಕು, ‘ಟೀಚರ್, ಪ್ರಾದೇಶಿಕ ಪದಗಳು ಚೆಂದವೇ. ಆದರೆ ಪುಸ್ತಕಕ್ಕೆ ಶುದ್ಧ ಕನ್ನಡ ಬೇಕಲ್ಲ’ ಎಂದರು. ಆ ‘ಶುದ್ಧ’ ಎಂಬ ಮಾತು ನನ್ನನ್ನು ನಿಘಂಟಿನ ಕಡೆಗೆ ಅಟ್ಟಿತು. ನಮ್ಮ ವ್ಯಾಕರಣದ ತದ್ಭವ ಪಟ್ಟಿಗಳಲ್ಲಿ ‘ಆರ್ಯ – ಅಜ್ಜ’ ಎಂದು ನಾವೇ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಸಂಸ್ಕೃತದ ಆರ್ಯ ಪ್ರಾಕೃತದಲ್ಲಿ ಅಜ್ಜ ಆಯಿತು, ಆರ್ಯಾ ಎಂಬುದು ಅಜ್ಜಾ ಆಯಿತು. ಅಜ್ಜಿ ಆ ಮನೆಯವಳು. ನಮ್ಮ ಅಯ್ಯನೂ ಅದೇ ಬೇರಿನವನು ಎನ್ನುತ್ತಾರೆ. ಪಾಳಿಯಲ್ಲಿ ಅಜ್ಜಿಗೆ ಅಯ್ಯಿಕಾ. ಬೌದ್ಧರ ಸಂಯುತ್ತ ನಿಕಾಯದಲ್ಲಿ ‘ಅಯ್ಯಿಕಾ ಸುತ್ತ’ ಎಂಬುದೇ ಇದೆ: ಕೋಸಲದ ದೊರೆ ಪಸೇನದಿ ನಡುಹಗಲಿನಲ್ಲಿ ಬುದ್ಧನ ಬಳಿ ಬಂದು, ತನ್ನ ಅಜ್ಜಿ ನೂರಿಪ್ಪತ್ತು ವರ್ಷ ಬಾಳಿ ತೀರಿಕೊಂಡಳು, ಆನೆಯನ್ನೋ ಕುದುರೆಯನ್ನೋ ಹಳ್ಳಿಯನ್ನೋ ಕೊಟ್ಟು ಅವಳನ್ನು ಉಳಿಸಿಕೊಳ್ಳಲು ಆಗುವಂತಿದ್ದರೆ ಕೊಟ್ಟುಬಿಡುತ್ತಿದ್ದೆ ಎಂದು ಹೇಳಿಕೊಳ್ಳುತ್ತಾನೆ. ಜೈನ ಸನ್ಯಾಸಿನಿಯರನ್ನು ಇಂದಿಗೂ ಆರ್ಯಿಕೆ ಎನ್ನುವುದೂ ಇದೇ ಪದದ ಇನ್ನೊಂದು ಕವಲು.

ಅಮ್ಮ, ಅವ್ವ ಎರಡೂ ದ್ರಾವಿಡ ಪದಗಳು. ಅತ್ತಿಮಬ್ಬೆಯ ಹೆಸರಿನ ಕೊನೆಯಲ್ಲಿರುವ ಅಬ್ಬೆಯನ್ನು ನೆನೆಸಿಕೊಳ್ಳಿ. ಸಾವಿರ ವರ್ಷದ ಹಿಂದೆ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಮಹಾತಾಯಿಯ ಹೆಸರಿನಲ್ಲಿ ಕೂತ ಪದದ ಒಡಹುಟ್ಟು ನಮ್ಮ ಹುಡುಗಿಯ ಉತ್ತರಪತ್ರಿಕೆಯಲ್ಲಿ ‘ಗ್ರಾಮ್ಯ’ವಾಯಿತು. ಉತ್ತರದಿಂದ ಪ್ರಾಕೃತದ ಗಾಡಿ ಹತ್ತಿ ಬಂದ ಅಜ್ಜಿ ‘ಶುದ್ಧ ಕನ್ನಡ’ವಾದಳು. ನನಗೆ ಅಜ್ಜಿ ಎಂಬ ಪದದ ಮೇಲೆ ಕೋಪವಿಲ್ಲ. ಅಷ್ಟು ದೂರದಿಂದ ಬಂದು, ಹಳೆ ಮೈಸೂರಿನ ಮನೆಗಳಲ್ಲಿ ಒಲೆಯ ಮುಂದೆ ಕುಳಿತು, ಯಾರಿಗೂ ಹೊರಗಿನವಳು ಎನ್ನಿಸದ ಹಾಗೆ ಬೆರೆತುಹೋದ ಪದ ಅದು. ಆದರೆ ಶುದ್ಧ-ಅಶುದ್ಧದ ಲೆಕ್ಕ ತೆಗೆದರೆ ನಿಮ್ಮ ಕೆಂಪು ಶಾಯಿ ಯಾವ ಕಡೆಗೆ ಹರಿಯಬೇಕಾಗುತ್ತದೆ ಎಂದು ನೋಡಿಕೊಳ್ಳಿ.

ಅಜ್ಜಿ ಎಂಬುದು ಮೂಲದಲ್ಲಿ ರಕ್ತಸಂಬಂಧವನ್ನು ಹೇಳುವ ಪದವಲ್ಲ, ಮನ್ನಣೆಯ ಪದ ಎಂಬುದನ್ನು ನಮ್ಮ ಜನ ಮರೆತಿಲ್ಲ. ಹುಲಿಕಲ್‌ನಿಂದ ಕುದೂರಿಗೆ ಹೋಗುವ ರಸ್ತೆಯ ಬದಿಯಲ್ಲಿ 385 ಆಲದ ಮರ ಬೆಳೆಸಿದ ಸಾಲುಮರದ ತಿಮ್ಮಕ್ಕನವರಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿರಲಿಲ್ಲ. ಆದರೂ ಇಡೀ ರಾಜ್ಯಕ್ಕೆ ಅವರು ಅಜ್ಜಿ. ಹೆಸರಿನಲ್ಲಿ ಅಕ್ಕ, ಕರೆಯುವಾಗ ಅಜ್ಜಿ. 2019ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ರಾಷ್ಟ್ರಪತಿಗಳ ತಲೆಯ ಮೇಲೆ ಕೈಯಿಟ್ಟು ಹರಸಿಬಿಟ್ಟರಲ್ಲ, ಆ ಕೈ ಅಜ್ಜಿಯದಲ್ಲದೆ ಮತ್ತಾರದು? ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಎಲ್ಲರ ಬಾಯಲ್ಲೂ ಸುಕ್ರಜ್ಜಿ. ಪಾವಗಡದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ಆ ಕೈಗೆ ಹುಟ್ಟಿದವರೂ ಅವರ ಮಕ್ಕಳೂ ಅಜ್ಜಿ ಎಂದರೆ ಆ ಪದ ಎಷ್ಟು ಮನೆಗಳಿಗೆ ಹರಡಿತು ಎಂದು ಎಣಿಸಲು ಹೋಗಬೇಡಿ. ಇನ್ನು ನಮ್ಮ ಕಥೆಗಳ ಅಡಗೂಲಜ್ಜಿ. ದಾರಿ ತಪ್ಪಿದ ರಾಜಕುಮಾರನಿಗೆ ಅನ್ನ ಬೇಯಿಸಿ ಹಾಕಿ, ಮಲಗಲು ಜಾಗ ಕೊಟ್ಟು, ಊರಿನ ಗುಟ್ಟನ್ನೂ ಹೇಳುವವಳು. ಅವಳು ಯಾರಿಗೂ ಏನೂ ಆಗಬೇಕಿಲ್ಲ. ಕೂಲಿಗೆ ಅಡುಗೆ ಮಾಡುವ ಹೆಂಗಸು. ಅವಳಿಲ್ಲದೆ ಕಥೆ ಒಂದು ಹೆಜ್ಜೆ ಮುಂದಕ್ಕೆ ಹೋಗುವುದಿಲ್ಲ. ಇಷ್ಟಾದರೂ ನಂಬಲಾಗದ ಮಾತಿಗೆ ನಾವು ಇಟ್ಟ ಹೆಸರು ‘ಅಡಗೂಲಜ್ಜಿ ಕಥೆ’.

ಗಾದೆಗಳ ವಿಷಯವೂ ಅಷ್ಟೇ. ‘ಅಜ್ಜಿಯಿಲ್ಲದ ಮನೆ ಮಜ್ಜಿಗೆಯಿಲ್ಲದ ಊಟ’ ಎಂದು ಶಾಲೆಯ ಗೋಡೆಗೆ ಬರೆಸುತ್ತೇವೆ. ‘ಅಜ್ಜಿ ಸುಟ್ಟ ಹಾಗೂ ಆಯಿತು, ಚಳಿ ಕಾಯಿಸಿದ ಹಾಗೂ ಆಯಿತು’ ಎಂಬುದೂ ನಮ್ಮದೇ ಗಾದೆ. ಅದನ್ನು ಗೋಡೆಗೆ ಬರೆಸಿ ಎಂದು ನಾನು ಹೇಳುತ್ತಿಲ್ಲ.

ಇನ್ನೊಂದು ಪದ ಈ ನೋಟ್‌ಬುಕ್ಕಿನಲ್ಲಿ ನನ್ನನ್ನು ಬಹಳ ದಿನ ಕಾಡಿತು: ಅಜ್ಜಿಮನೆ. ಅಜ್ಜಿ ಎಂದರೆ ಅಪ್ಪನ ತಾಯಿಯೂ ಹೌದು, ಅಮ್ಮನ ತಾಯಿಯೂ ಹೌದು. ತೆಲುಗಿನಲ್ಲಿ ನಾನಮ್ಮ, ಅಮ್ಮಮ್ಮ ಎಂದು ಬೇರೆ ಬೇರೆ. ಉರ್ದು ಮನೆಯ ಮಕ್ಕಳಿಗೆ ದಾದಿ ಬೇರೆ, ನಾನಿ ಬೇರೆ. ಕನ್ನಡದ ಅಜ್ಜಿ ಒಬ್ಬಳೇ. ಬೇರೆ ಮಾಡಬೇಕೆಂದರೆ ಊರು ಹಚ್ಚುತ್ತೇವೆ. ಹಾಸನದ ಅಜ್ಜಿ, ತುಮಕೂರಿನ ಅಜ್ಜಿ. ಆದರೆ ‘ರಜೆಗೆ ಅಜ್ಜಿಮನೆಗೆ ಹೋಗುತ್ತೇನೆ’ ಎಂದು ಮಗು ಹೇಳಿದರೆ, ಯಾವ ಅಜ್ಜಿ ಎಂದು ಯಾರೂ ಕೇಳುವುದಿಲ್ಲ. ಅದು ಅಮ್ಮನ ತವರು. ಅಪ್ಪನ ತಾಯಿ ಇರುವ ಮನೆ ‘ನಮ್ಮ ಮನೆ’ ಅಥವಾ ‘ಊರು’. ಪದ ಎರಡೂ ಕಡೆಗೆ ಸಮವಾಗಿಯೇ ಇದೆ. ‘ಮನೆ’ ಸೇರಿದೊಡನೆ ಒಂದು ಕಡೆಗೆ ವಾಲುತ್ತದೆ. ಅಪ್ಪನ ತಾಯಿಗೆ ಸ್ವಂತದ್ದೆಂಬ ಮನೆ ಭಾಷೆಯಲ್ಲೂ ಇಲ್ಲ ಎಂದು ಒಮ್ಮೆ ನಮ್ಮ ಸ್ಟಾಫ್ ರೂಮಿನಲ್ಲಿ ಹೇಳಿದ್ದಕ್ಕೆ ಅರ್ಧ ಗಂಟೆ ಜಗಳವೇ ಆಯಿತು. ತಾಯಿಯ ಕಡೆಯಿಂದ ಮನೆತನ ಸಾಗುವ ಕರಾವಳಿಯ ಅಳಿಯಕಟ್ಟಿನ ಮನೆಯಿಂದ ಬಂದಿದ್ದ ಸಹೋದ್ಯೋಗಿಯೊಬ್ಬರು ಮಾತ್ರ ತಮ್ಮ ಟಿಫಿನ್ ಡಬ್ಬಿ ಮುಚ್ಚುತ್ತ, ‘ನಮ್ಮಲ್ಲಿ ಅಜ್ಜಿಮನೆಯೇ ನಮ್ಮ ಮನೆ. ಇದರಲ್ಲೇನು ಗಲಾಟೆ?’ ಎಂದರು.

ನೌಕರಿಯ ಕೊನೆಯ ವರ್ಷಗಳನ್ನು ಬೆಂಗಳೂರಿನ ಹೊರವಲಯದಲ್ಲಿ ಕಳೆದೆ. ಅಲ್ಲಿ ನಾಲ್ಕನೆಯ ತರಗತಿಗೆ ವಂಶವೃಕ್ಷ ಬರೆಯುವ ಕೆಲಸ ಕೊಟ್ಟಿದ್ದೆ. ಎಲ್ಲರಿಗೂ ಅಚ್ಚು ಹಾಕಿಸಿದ ಒಂದೊಂದು ಹಾಳೆ, ಮೇಲೆ ನಾಲ್ಕು ಚೌಕ: ತಂದೆಯ ತಂದೆ, ತಂದೆಯ ತಾಯಿ, ತಾಯಿಯ ತಂದೆ, ತಾಯಿಯ ತಾಯಿ. ಒಬ್ಬ ಹುಡುಗ ಬರೆದು, ಅಳಿಸಿ, ಹಾಳೆ ತೂತು ಮಾಡಿಕೊಂಡು ಕೂತಿದ್ದ. ಅವನ ಅಪ್ಪ ಸ್ವಂತ ಅಕ್ಕನ ಮಗಳನ್ನು ಮದುವೆಯಾಗಿದ್ದ. ನಮ್ಮ ಕಡೆ ಇದು ಹೊಸದಲ್ಲವಲ್ಲ. ಹಾಗಾಗಿ ಅವನಿಗೆ ಅಮ್ಮನ ತಾಯಿ ಅಪ್ಪನ ಅಕ್ಕನೂ ಹೌದು, ಅಂದರೆ ಅತ್ತೆ. ಅಪ್ಪನ ತಾಯಿ ಅಮ್ಮನ ಅಜ್ಜಿ, ಅಂದರೆ ಇವನಿಗೆ ಅಜ್ಜಿಯೂ ಹೌದು, ಮುತ್ತಜ್ಜಿಯೂ ಹೌದು. ಚೌಕದಲ್ಲಿ ಎಲ್ಲಿ ಬರೆಯಬೇಕು ಎಂಬುದು ಅವನ ಸಮಸ್ಯೆ. ಮನೆಯಲ್ಲಿ ಏನೆಂದು ಕರೆಯುತ್ತೀಯೋ ಎಂದೆ. ‘ದೊಡ್ಡಜ್ಜಿ, ಚಿಕ್ಕಜ್ಜಿ’ ಎಂದ. ಮನೆಯವರು ಯಾವ ಹಾಳೆಯೂ ಇಲ್ಲದೆ ಎಂದೋ ಬಗೆಹರಿಸಿಕೊಂಡಿದ್ದರು. ನಾನು ಅವನ ಹಾಳೆಯನ್ನು ತಿರುಗಿಸಿ, ಖಾಲಿ ಬದಿಯಲ್ಲಿ ಹೇಗೆ ಬೇಕೋ ಹಾಗೆ ಬರೆ ಎಂದೆ. ಆ ಹೊತ್ತಿಗೆ ನನಗೂ ಸ್ವಲ್ಪ ಬುದ್ಧಿ ಬಂದಿತ್ತು.

ಚಿತ್ರದ ಬಗ್ಗೆಯೂ ಒಂದು ಮಾತು. ನೀವು ಬರೆಸುವ ಅಜ್ಜಿಗೆ ಬಿಳಿ ತುರುಬು, ದುಂಡು ಕನ್ನಡಕ, ಕೈಯಲ್ಲಿ ಊರುಗೋಲು. ಒಂದನೆಯ ತರಗತಿಯ ಮಗುವಿನ ಅಜ್ಜಿಗೆ ಎಷ್ಟು ವಯಸ್ಸು ಎಂದು ಲೆಕ್ಕ ಹಾಕಿದ್ದೀರಾ? ಹದಿನೆಂಟಕ್ಕೆ ಮದುವೆಯಾದ ತಾಯಿ, ಇಪ್ಪತ್ತರೊಳಗೆ ಮದುವೆಯಾದ ಅವಳ ತಾಯಿ. ನನ್ನ ತರಗತಿಗಳಲ್ಲಿ ನಲವತ್ತೈದರ ಆಸುಪಾಸಿನ ಅಜ್ಜಿಯರೇ ಹೆಚ್ಚು. ಅವರು ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೋಗುತ್ತಿದ್ದರು, ಗಾರ್ಮೆಂಟ್ಸಿನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದರು. ಪೋಷಕರ ಸಭೆಗೆ ಒಂದು ತಾಸು ರಜೆ ಕೇಳಿ ಓಡಿಬರುತ್ತಿದ್ದವರು ಅವರೇ. ಊರುಗೋಲಿನ ಅಜ್ಜಿ ಬೇಕಾದರೆ ಮುತ್ತಜ್ಜಿ ಎಂದು ಬರೆಯಿರಿ. ದಕ್ಷಿಣ ಕನ್ನಡದವರಿಗೆ ಪಿಜ್ಜಿ ಎಂಬ ಸೊಗಸಾದ ಪದವೂ ಇದೆ.

ನಾನು ಕೇಳುವುದು ದೊಡ್ಡದೇನಲ್ಲ. ಅಜ್ಜಿ ಎಂಬ ಪದವನ್ನು ಪುಸ್ತಕದಿಂದ ತೆಗೆಯಿರಿ ಎನ್ನುವುದಿಲ್ಲ. ನಾಡಿಗೆಲ್ಲ ಒಂದು ಬರಹದ ಕನ್ನಡ ಬೇಕು. ಆ ಹುಡುಗಿ ಮುಂದೆ ಪತ್ರಿಕೆ ಓದಬೇಕು, ಅರ್ಜಿ ತುಂಬಬೇಕು. ಚಿತ್ರದ ಕೆಳಗೆ ‘ಅಜ್ಜಿ’ ಎಂದು ಅಚ್ಚು ಹಾಕಿ, ಅದರ ಕೆಳಗೆ ಒಂದು ಖಾಲಿ ಗೆರೆ ಬಿಡಿ: ‘ನಮ್ಮ ಮನೆಯಲ್ಲಿ ನಾನು ಇವರನ್ನು ____ ಎಂದು ಕರೆಯುತ್ತೇನೆ.’ ಅಷ್ಟೇ. ಶಿಕ್ಷಕರ ಕೈಪಿಡಿಯಲ್ಲಿ ಅರ್ಧ ಪುಟ ಕೊಟ್ಟು, ಈ ಗೆರೆಯ ಮೇಲೆ ಅಮ್ಮ, ಆಯಿ, ಅವ್ವ, ಅಮ್ಮಮ್ಮ, ದಾದಿ, ನಾನಿ ಏನು ಬಂದರೂ ತಪ್ಪು ಹಾಕಬಾರದು ಎಂದು ಬರೆಯಿರಿ. ವರ್ಗಾವಣೆಯಾಗಿ ಬೇರೆ ಜಿಲ್ಲೆಗೆ ಹೋದ ಶಿಕ್ಷಕಿಗೆ ಆ ಅರ್ಧ ಪುಟ ಎಷ್ಟು ಉಪಕಾರ ಮಾಡುತ್ತದೆ ಎಂಬುದು ನನಗೆ ಗೊತ್ತು.

ಒಂದು ಅಡಚಣೆ ಇದೆ, ಅದನ್ನೂ ನಾನೇ ಹೇಳುತ್ತೇನೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಎಂಬ ಕಲಿಕೆಯ ಪದ್ಧತಿಯಲ್ಲಿ ಅಕ್ಷರಗಳು ವರ್ಣಮಾಲೆಯ ಸಾಲಿನಲ್ಲಿ ಬರುವುದಿಲ್ಲ. ಬರೆಯಲು ಸುಲಭವಾದವು ಮೊದಲು. ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಹೀಗಾಗಿ ನಮ್ಮ ಮಕ್ಕಳು ಅರಸ, ಅಗಸ, ಸರ, ದರ ಎಂದು ಬರೆಯಲು ಕಲಿತು ಎಷ್ಟೋ ದಿನಗಳಾದ ಮೇಲೆ ಅಜ್ಜಿಯನ್ನು ಬರೆಯುತ್ತಾರೆ. ಎರಡನೆಯ ಗುಂಪು ಮುಗಿಯುವ ಹೊತ್ತಿಗೆ ಮಗುವಿನ ಕೈಯಲ್ಲಿ ಅ, ಜ, ವ, ಮ ನಾಲ್ಕೂ ಇವೆ. ಅಜ್ಜಿಗೂ ಅವ್ವನಿಗೂ ಅಮ್ಮನಿಗೂ ಬೇಕಾದ ಮೂಲಾಕ್ಷರಗಳೆಲ್ಲ ಸಿಕ್ಕಿವೆ, ಒತ್ತು ಮಾತ್ರ ಬಂದಿಲ್ಲ. ನೀವು ಖಾಲಿ ಗೆರೆ ಬಿಟ್ಟರೆ ಅವರು ಅದಕ್ಕೆಲ್ಲ ಕಾಯುವುದಿಲ್ಲ. ಬಾಗಲಕೋಟೆಯ ಸ್ಲೇಟುಗಳ ಮೇಲೆ ನಾನು ‘ಅವವ’ ನೋಡಿದ್ದೇನೆ, ಕುಂದಾಪುರದಲ್ಲಿ ‘ಅಮಮಮ’ ನೋಡಿದ್ದೇನೆ. ಎಷ್ಟು ಮ ಬರೆಯಬೇಕು ಎಂದು ಬೆರಳು ಮಡಿಚಿ ಎಣಿಸಿ, ಇನ್ನೊಂದನ್ನು ಸೇರಿಸಿದವನೂ ಇದ್ದ. ಒತ್ತು ಕಲಿತ ದಿನ ಅದೇ ಹುಡುಗ ಯಾರೂ ಹೇಳದೆ ಸ್ಲೇಟು ತೆಗೆದು ಮೊದಲು ಆ ಪದವನ್ನೇ ತಿದ್ದಿ ತಂದ.

ನನ್ನ ಮೊಮ್ಮಗಳಿಗೆ ಈಗ ನಾಲ್ಕು ವರ್ಷ. ಅವಳು ನನ್ನನ್ನು ಅಜ್ಜಿ ಎನ್ನುತ್ತಾಳೆ. ಅವರ ಮನೆಯ ಮೊಬೈಲಿನಲ್ಲಿ ನನ್ನ ಹೆಸರು ‘ಅಜ್ಜಿ ಬಾಗಲಕೋಟೆ’. ಮಗಳಿಗೆ ಪುಸ್ತಕ ಹಿಡಿದು ಆ ಪದ ಕಲಿಸಿದವಳು ನಾನೇ ಆದ್ದರಿಂದ ಯಾರ ಮೇಲೂ ದೂರಿಲ್ಲ. ಎರಡು ವರ್ಷಕ್ಕೆ ಅವಳು ಒಂದನೆಯ ತರಗತಿಗೆ ಹೋಗುತ್ತಾಳೆ. ಅಷ್ಟರೊಳಗೆ ಹೊಸ ಮುದ್ರಣ ಬರುವುದಾದರೆ ನನ್ನ ನೋಟ್‌ಬುಕ್ಕನ್ನು ನಿಮಗೆ ಕಳುಹಿಸಿಕೊಡಲು ಸಿದ್ಧಳಿದ್ದೇನೆ. ನೋಡಿಕೊಂಡು ಹಿಂದಿರುಗಿಸಿದರೆ ಸಾಕು.

ಇಂತಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ

ಮತ್ತೆ: ಆ ಗೆರೆಯನ್ನು ಸ್ವಲ್ಪ ಉದ್ದವಾಗಿಯೇ ಎಳೆಸಿ, ಕೆಳಗೆ ಜಾಗವನ್ನೂ ಬಿಡಿಸಿ. ಕುಂದಾಪುರದ ಮಗು ಎರಡು ಒತ್ತು ಹಿಡಿಸಬೇಕು.